ಟಂಟಂ ಲೆಕ್ಕದ ಜೆಟ್ ವಿಮಾನ

ಬಸ್ ಸ್ಟ್ಯಾಂಡಿನ ಹೊರಗೆ ನಿಲ್ಲುವ ಟಂಟಂ, ಕ್ರೂಸರ್‌ಗಳ ನಿಯಮ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸೀಟು ತುಂಬಬೇಕು, ಆಮೇಲೆ ಗಾಡಿ ಹೊರಡಬೇಕು. 'ಇನ್ನೊಬ್ರು ಬಂದ್ರ ಬಿಟ್ಟೇ ಬಿಡ್ತೀನ್ರೀ' ಅನ್ನುವ ಡ್ರೈವರ್ ಮಾತು ನಂಬಿ ಮುಕ್ಕಾಲು ಗಂಟೆ ಬೆವರಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವಸರವಿದ್ದರೆ ಎಲ್ಲ ಸೀಟಿನ ದುಡ್ಡನ್ನೂ ಒಬ್ಬರೇ ಕೊಟ್ಟು ಗಾಡಿಯನ್ನೇ ಬಾಡಿಗೆ ಹಿಡಿಯಬೇಕು. ಕಾಯುವುದು ಒಂದು ದಾರಿ, ಪೂರ್ತಿ ದುಡ್ಡು ಸುರಿಯುವುದು ಇನ್ನೊಂದು ದಾರಿ. ನನ್ನ ಒಂದು ಸೀಟಿಗೆ ಮಾತ್ರ ದುಡ್ಡು ಕೊಡಬೇಕು, ಆದರೆ ಸ್ಟ್ಯಾಂಡಿನಲ್ಲಿ ಕಾಯಬಾರದು ಎಂಬ ಮೂರನೇ ದಾರಿ ಇದೆಯೇ?

ಇದೆ ಎಂದು ನಂಬಿ ಅಮೆರಿಕದ ಫ್ಲೋರಿಡಾದಲ್ಲಿ ಒಂದು ಕಂಪನಿ ಹುಟ್ಟಿತ್ತು. ಅದರ ಬಳಿ ಇದ್ದದ್ದು ಟಂಟಂ ಅಲ್ಲ, ಪುಟ್ಟ ಜೆಟ್ ವಿಮಾನಗಳು. ಹೆಸರು ಡೇಜೆಟ್. 2007ರ ಅಕ್ಟೋಬರ್‌ನಲ್ಲಿ ಮೊದಲ ಪ್ರಯಾಣಿಕರನ್ನು ಹತ್ತಿಸಿಕೊಂಡಿತು. 2008ರ ಸೆಪ್ಟೆಂಬರ್ 19ರಂದು ಬಾಗಿಲು ಹಾಕಿತು. ಒಂದು ವರ್ಷವೂ ತುಂಬಲಿಲ್ಲ.

ಮುಳುಗಿದ ಸ್ಟಾರ್ಟಪ್‌ಗಳಿಗೇನು ಬರವೇ, ಅದರಲ್ಲಿ ಇದನ್ನೇ ಯಾಕೆ ಓದಬೇಕು ಎಂದು ನೀವು ಕೇಳಬಹುದು. ಇದು ಮೂರ್ಖರ ಕಂಪನಿಯಾಗಿರಲಿಲ್ಲ. ಎಲ್ಲರೂ 'ಆಗದು' ಎನ್ನುತ್ತಿದ್ದ ಲೆಕ್ಕವನ್ನು ಇವರು ಬಿಡಿಸಿಯೇ ಬಿಟ್ಟಿದ್ದರು. ಹಾಗಿದ್ದೂ ಮುಳುಗಿದರು. ಎಂಜಿನಿಯರಿಂಗ್‌ನಲ್ಲಿ ಆಪರೇಷನ್ಸ್ ರಿಸರ್ಚ್ ಓದಿ, ಈಗ ಕೆಲಸ ಹುಡುಕುತ್ತಾ ಕಂಪನಿಗಳ ಬಾಗಿಲು ತಟ್ಟುತ್ತಿರುವ ನನಗೆ ಈ ಎರಡೂ ಸಂಗತಿ ಮುಖ್ಯ ಅನ್ನಿಸಿದವು.

ಸಿಟ್ರಿಕ್ಸ್ ಕಟ್ಟಿದವನ ತಲೆನೋವು

ಡೇಜೆಟ್‌ನ ಸ್ಥಾಪಕ ಎಡ್ ಯಾಕೋಬುಚ್ಚಿ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇರುವ ಅಣ್ಣ-ಅಕ್ಕಂದಿರನ್ನು ಕೇಳಿ, ಸಿಟ್ರಿಕ್ಸ್ ಹೆಸರು ಗೊತ್ತಿಲ್ಲದವರು ಕಡಿಮೆ. ಆಫೀಸಿನ ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರನ್ನು ಎಲ್ಲಿಂದಲೋ ಕುಳಿತು ಬಳಸುವ ವ್ಯವಸ್ಥೆಯನ್ನು ಜನಪ್ರಿಯ ಮಾಡಿದ ಕಂಪನಿ ಅದು. ಐಬಿಎಂನಲ್ಲಿ ಹತ್ತು ವರ್ಷ ದುಡಿದ ಯಾಕೋಬುಚ್ಚಿ 1989ರಲ್ಲಿ ಸಿಟ್ರಿಕ್ಸ್ ಶುರುಮಾಡಿದರು, 2000ದ ಹೊತ್ತಿಗೆ ಅಲ್ಲಿಂದ ನಿವೃತ್ತರಾದರು. ಎರಡು ವರ್ಷದ ನಂತರ ಡೇಜೆಟ್‌ಗೆ ಕೈಹಾಕಿದರು.

ಫ್ಲೋರಿಡಾದ ನಕಾಶೆ ನೋಡಿದರೆ ಅವರ ತಲೆನೋವು ಅರ್ಥವಾಗುತ್ತದೆ. ಉದ್ದನೆಯ ಪರ್ಯಾಯದ್ವೀಪ, ಮೇಲ್ಗಡೆ ಪಶ್ಚಿಮಕ್ಕೆ ಚಾಚಿದ ಪಟ್ಟಿ. ದಕ್ಷಿಣದ ಬೋಕಾ ರೇಟನ್‌ನಿಂದ ರಾಜಧಾನಿ ಟ್ಯಾಲಹಾಸಿಗೆ ಕಾರಿನಲ್ಲಿ ಆರು ಗಂಟೆಗೂ ಹೆಚ್ಚು. ಪಶ್ಚಿಮ ತುದಿಯ ಪೆನ್ಸಕೋಲಾ ಇನ್ನೂ ದೂರ, ಸುಮಾರು ಸಾವಿರ ಕಿಲೋಮೀಟರ್. ದೊಡ್ಡ ವಿಮಾನ ಕಂಪನಿಗಳನ್ನು ನಂಬಿದರೆ ಎಷ್ಟೋ ಸಲ ಪಕ್ಕದ ರಾಜ್ಯದ ಅಟ್ಲಾಂಟಾಕ್ಕೆ ಹೋಗಿ, ಅಲ್ಲಿ ವಿಮಾನ ಬದಲಿಸಿ, ಮತ್ತೆ ಫ್ಲೋರಿಡಾಕ್ಕೆ ಇಳಿಯಬೇಕು. ಹುಬ್ಬಳ್ಳಿಯಿಂದ ಕಲಬುರಗಿಗೆ ಹೋಗಲು ಹೈದರಾಬಾದ್ ಸುತ್ತಿ ಬಂದ ಹಾಗೆ. ಒಂದು ಮೀಟಿಂಗಿಗೆ ಹೋಗಿ ಬರಲು ಎರಡು ದಿನ, ಒಂದು ರಾತ್ರಿ ಹೋಟೆಲು.

ಆದರೆ ಸಣ್ಣ ಊರುಗಳಲ್ಲೂ ರನ್‌ವೇಗಳಿವೆ. ಅಮೆರಿಕದಲ್ಲಿ ಇಂಥ ಸಣ್ಣ ವಿಮಾನ ನಿಲ್ದಾಣಗಳು ಸಾವಿರಾರು ಇವೆ, ದೊಡ್ಡ ಕಂಪನಿಗಳು ಮುಟ್ಟುವುದು ಕೆಲವು ನೂರನ್ನು ಮಾತ್ರ. ಆ ಖಾಲಿ ರನ್‌ವೇಗಳಿಗೆ ಹೊಂದುವಂಥ ಅಗ್ಗದ ಜೆಟ್ ಒಂದು ಸಿಕ್ಕರೆ? ಅದೇ ಸಮಯಕ್ಕೆ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ಇನ್ನೊಬ್ಬ ಸಾಫ್ಟ್‌ವೇರ್ ಮನುಷ್ಯ ಅಂಥದ್ದೊಂದನ್ನು ಕಟ್ಟುತ್ತಿದ್ದ. ಮೈಕ್ರೋಸಾಫ್ಟ್‌ನ ಆರಂಭದ ದಿನಗಳಲ್ಲಿ ದುಡಿದಿದ್ದ ವರ್ನ್ ರೇಬರ್ನ್ 1998ರಲ್ಲಿ ಎಕ್ಲಿಪ್ಸ್ ಏವಿಯೇಷನ್ ಎಂಬ ಕಂಪನಿ ತೆರೆದಿದ್ದ. ಬಿಲ್ ಗೇಟ್ಸ್ ಕೂಡ ಅದರಲ್ಲಿ ಹಣ ಹೂಡಿದ್ದರು. ಎಕ್ಲಿಪ್ಸ್ 500 ಎಂಬ ಆ ವಿಮಾನದ ಬೆಲೆ 10 ಲಕ್ಷ ಡಾಲರಿಗಿಂತ ಕಡಿಮೆ ಎಂದು ಮಾತು ಕೊಟ್ಟಿದ್ದ. ಜೆಟ್‌ಗಳ ಲೋಕದಲ್ಲಿ ಅದು ನಮ್ಮ ನ್ಯಾನೊ ಕಾರಿನಂಥ ಮಾತು.

ಇಂಥ ವಿಮಾನಗಳಿಗೆ 'ವೆರಿ ಲೈಟ್ ಜೆಟ್' ಎನ್ನುತ್ತಾರೆ. ತುಂಬಿದ ತೂಕ ಸುಮಾರು ನಾಲ್ಕೂವರೆ ಟನ್‌ಗಿಂತ ಕಡಿಮೆ ಇರಬೇಕು, ಒಬ್ಬನೇ ಪೈಲಟ್ ಓಡಿಸುವಂತಿರಬೇಕು ಎಂಬುದು ರೂಢಿಯ ಲಕ್ಷಣ. ಎಕ್ಲಿಪ್ಸ್ 500 ಮೂರು ಟನ್ನೂ ಇರಲಿಲ್ಲ. ಒಳಗೆ ನಿಂತುಕೊಳ್ಳಲು ಆಗದು, ಶೌಚಾಲಯ ಇಲ್ಲ. ಆದರೆ ಗಂಟೆಗೆ 650 ಕಿ.ಮೀ. ಮೀರಿದ ವೇಗ. ಡೇಜೆಟ್ ಸುರಕ್ಷತೆಗೆಂದು ಇಬ್ಬರು ಪೈಲಟ್‌ಗಳನ್ನು ಕೂರಿಸಿತು. ಉಳಿದದ್ದು ಪ್ರಯಾಣಿಕರಿಗೆ ಮೂರು ಸೀಟು. ಈ 'ಮೂರು' ನೆನಪಿರಲಿ.

ವಿಟಿಯು ಪಾಠದಲ್ಲಿ ಇಲ್ಲದ ಲೆಕ್ಕ

ನಮ್ಮ ಸಿಲಬಸ್ಸಿನಲ್ಲಿ ಟ್ರಾನ್ಸ್‌ಪೋರ್ಟೇಷನ್ ಪ್ರಾಬ್ಲಂ ಎಂದರೆ ಮೂರು ಕಾರ್ಖಾನೆ, ನಾಲ್ಕು ಗೋದಾಮು, ಒಂದು ಟೇಬಲ್. ವೊಗೆಲ್ ವಿಧಾನ ಹಾಕಿ ಹತ್ತು ಅಂಕ ತೆಗೆಯುವುದು. ಪರೀಕ್ಷೆ ಮುಗಿದ ಮೇಲೆ ಅದು ಯಾರಿಗೆ ಬೇಕು ಎಂಬ ಅನುಮಾನ ಕೊನೆಯ ಬೆಂಚಿನವರಿಗಷ್ಟೇ ಅಲ್ಲ, ಮೊದಲ ಬೆಂಚಿನವರಿಗೂ ಇರುತ್ತದೆ. ಡೇಜೆಟ್‌ನ ಇಡೀ ಜೀವ ನಿಂತದ್ದು ಆ ಟೇಬಲ್ಲಿನ ದೊಡ್ಡಪ್ಪನಂಥ ಒಂದು ಲೆಕ್ಕದ ಮೇಲೆ.

ಡೇಜೆಟ್‌ಗೆ ವೇಳಾಪಟ್ಟಿಯೇ ಇರಲಿಲ್ಲ. ಪ್ರಯಾಣಿಕ ಟಿಕೆಟ್ ಕೊಳ್ಳುವಾಗ ಎರಡು ಮಾತು ಹೇಳಬೇಕಿತ್ತು. 'ಇಷ್ಟು ಗಂಟೆಗಿಂತ ಮೊದಲು ಹೊರಡಲಾರೆ, ಇಷ್ಟು ಗಂಟೆಯೊಳಗೆ ಅಲ್ಲಿ ಇರಬೇಕು.' ನಡುವಿನ ಅವಕಾಶ ಎಷ್ಟು ದೊಡ್ಡದೋ ಟಿಕೆಟ್ ಅಷ್ಟು ಅಗ್ಗ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಯಾವಾಗ ಕರೆದೊಯ್ದರೂ ಸರಿ ಎನ್ನುವವನಿಗೆ ಮೈಲಿಗೆ ಒಂದು ಡಾಲರ್ ಆಸುಪಾಸು. 'ಎಂಟಕ್ಕೆ ಹೊರಟು ಒಂಬತ್ತೂವರೆಗೆ ಮುಟ್ಟಲೇಬೇಕು' ಎನ್ನುವವನಿಗೆ ಮೂರು ಡಾಲರಿನವರೆಗೆ. ಬೋಕಾದಿಂದ ಟ್ಯಾಲಹಾಸಿಗೆ ನೇರ ದಾರಿ 380 ಮೈಲಿ ಎಂದುಕೊಂಡರೆ ಒಂದು ಕಡೆಗೆ 380ರಿಂದ 1,100 ಡಾಲರ್ ಚಿಲ್ಲರೆ. ಬಡವರ ಸವಾರಿಯಲ್ಲ, ನಿಜ. ಆದರೆ ಇಡೀ ಜೆಟ್ ಬಾಡಿಗೆಗೆ ಹಿಡಿದರೆ ಸಾವಿರಗಟ್ಟಲೆ ಡಾಲರ್ ಎಣಿಸಬೇಕಿತ್ತು. ಸರಿಯಾಗಿ ಎಷ್ಟು ಗಂಟೆಗೆ ಹೊರಡುವುದು ಎಂದು ಹಿಂದಿನ ರಾತ್ರಿ ತಿಳಿಸುತ್ತಿದ್ದರು.

ನಮ್ಮಲ್ಲಿ ಹಣವಿರುವವರಿಗೆ ಸಮಯವಿಲ್ಲ, ಸಮಯವಿರುವವರಿಗೆ ಹಣವಿಲ್ಲ. ಈ ಸಾಮಾನ್ಯ ಸತ್ಯವನ್ನೇ ದರಪಟ್ಟಿ ಮಾಡಿದ ಜಾಣತನ ನನಗೆ ತುಂಬಾ ಇಷ್ಟವಾಯಿತು.

ಈಗ ಕಂಪನಿಯ ಕಡೆಯಿಂದ ನೋಡಿ. ಒಬ್ಬ ಗ್ರಾಹಕ ಟಿಕೆಟ್ ಕೇಳುತ್ತಾನೆ. ಆಗಲೇ ಮಾರಿದ ಟಿಕೆಟ್‌ಗಳಿವೆ, ಆ ಪ್ರಯಾಣಿಕರಿಗೆ ಕೊಟ್ಟ ಮಾತಿದೆ. ಹೊಸಬನನ್ನು ಸೇರಿಸಿದರೆ ಎಲ್ಲರೂ ಸಮಯಕ್ಕೆ ಮುಟ್ಟುತ್ತಾರೆಯೇ? ನಡುವೆ ಒಂದಕ್ಕಿಂತ ಹೆಚ್ಚು ಕಡೆ ಇಳಿಸುವಂತಿಲ್ಲ. ವಿಮಾನ ಹೊರಬಲ್ಲ ತೂಕಕ್ಕೆ ಮಿತಿಯಿದೆ, ಇಂಧನ ಹೆಚ್ಚಿದರೆ ಜನ ಕಡಿಮೆ. ಪೈಲಟ್‌ಗಳು ದಿನಕ್ಕೆ ಇಷ್ಟೇ ಗಂಟೆ ದುಡಿಯಬಹುದು, ರಾತ್ರಿ ತಮ್ಮ ಊರಿಗೆ ಮರಳಬೇಕು. ಇಷ್ಟನ್ನೂ ನೋಡಿ 'ಆಗುತ್ತದೆ' ಅಥವಾ 'ಆಗುವುದಿಲ್ಲ' ಎಂದು ಕೆಲವೇ ಸೆಕೆಂಡುಗಳಲ್ಲಿ ಹೇಳಬೇಕು, ಯಾಕೆಂದರೆ ಗಿರಾಕಿ ಕಂಪ್ಯೂಟರ್ ಮುಂದೆ ಕಾಯುತ್ತಿದ್ದಾನೆ. ಆಮೇಲೆ ರಾತ್ರಿಯಿಡೀ ಕಂಪ್ಯೂಟರ್ ಕುಳಿತು ಮರುದಿನದ ಇಡೀ ವೇಳಾಪಟ್ಟಿಯನ್ನು ಇನ್ನಷ್ಟು ಅಗ್ಗವಾಗುವಂತೆ ಮತ್ತೆ ಹೆಣೆಯಬೇಕು. ಯಾರ ಜೊತೆ ಯಾರು, ಯಾವ ವಿಮಾನದಲ್ಲಿ, ಯಾವ ಊರಿನ ಮೇಲಾಸಿ. ನಾಲ್ಕಾರು ವಿಮಾನಗಳಿದ್ದರೆ ಕಾಗದದ ಮೇಲೆ ಬರೆಯಬಹುದು. ನೂರಾದರೆ ಸಾಧ್ಯತೆಗಳ ಸಂಖ್ಯೆ ಎಣಿಕೆಗೆ ನಿಲ್ಲುವುದಿಲ್ಲ.

ಈ ಕೆಲಸಕ್ಕೆ ಜಾರ್ಜಿಯಾ ಟೆಕ್‌ನ ಜಾರ್ಜ್ ನೆಮ್‌ಹೌಸರ್, ಮಾರ್ಟಿನ್ ಸಾವೆಲ್ಸ್‌ಬರ್ಗ್ ಮುಂತಾದ ಆಪರೇಷನ್ಸ್ ರಿಸರ್ಚ್ ಪಂಡಿತರು ಕೈಜೋಡಿಸಿದರು. ಇಂಟಿಜರ್ ಪ್ರೋಗ್ರಾಮಿಂಗ್ ಓದಿದವರಿಗೆ ನೆಮ್‌ಹೌಸರ್ ಎಂದರೆ ಮೀಮಾಂಸೆಯವರಿಗೆ ಜೈಮಿನಿ ಇದ್ದಂತೆ. ಇನ್ನೊಂದು ತಂಡ ಕಂಪ್ಯೂಟರಿನೊಳಗೆ ಒಂದು ಕಾಲ್ಪನಿಕ ಫ್ಲೋರಿಡಾವನ್ನೇ ಕಟ್ಟಿತು. ಅದರೊಳಗಿನ ಕಾಲ್ಪನಿಕ ಪ್ರಯಾಣಿಕರು ಕಾರೋ, ದೊಡ್ಡ ವಿಮಾನವೋ, ಡೇಜೆಟ್ಟೋ ಎಂದು ತಾವೇ ಆರಿಸಿಕೊಳ್ಳುತ್ತಿದ್ದರು. ಯಾವ ಊರಲ್ಲಿ ಶುರುಮಾಡಿದರೆ ಜನ ಬರುತ್ತಾರೆ ಎಂದು ಒಂದೇ ಒಂದು ವಿಮಾನ ಕೊಳ್ಳುವ ಮೊದಲೇ ಅಂದಾಜು ಹಾಕಲಾಯಿತು. ಬೋಕಾ ರೇಟನ್, ಲೇಕ್‌ಲ್ಯಾಂಡ್, ಗೇನ್ಸ್‌ವಿಲ್, ಟ್ಯಾಲಹಾಸಿ, ಪೆನ್ಸಕೋಲಾ ಎಂಬ ಐದು ಊರುಗಳಿಂದ ಸೇವೆ ಆರಂಭವಾಯಿತು. ಮಯಾಮಿ, ಒರ್ಲಾಂಡೊ ಪಟ್ಟಿಯಲ್ಲೇ ಇರಲಿಲ್ಲ ನೋಡಿ.

ಜಾರ್ಜಿಯಾ ಟೆಕ್ ತಂಡ ಈ ವಿಧಾನವನ್ನು ವಿವರಿಸಿದ ಎರಡು ಪ್ರಬಂಧಗಳು 'ಟ್ರಾನ್ಸ್‌ಪೋರ್ಟೇಷನ್ ಸೈನ್ಸ್' ಪತ್ರಿಕೆಯಲ್ಲಿ ಬಂದಿವೆ. ಓಆರ್‌ನಲ್ಲಿ ಪ್ರಾಜೆಕ್ಟ್ ಹುಡುಕುತ್ತಿರುವವರು ಹುಡುಕಿ ಓದಿ. ಗಣಿತ ಕಷ್ಟ, ಆದರೆ ಸಮಸ್ಯೆಯನ್ನು ವಿವರಿಸುವ ಮೊದಲ ಪುಟಗಳು ಯಾರಿಗೂ ಅರ್ಥವಾಗುತ್ತವೆ. ಅವು ಅಚ್ಚಾದದ್ದು 2008ರ ಆಗಸ್ಟ್ ಸಂಚಿಕೆಯಲ್ಲಿ. ಮುಂದಿನ ತಿಂಗಳು ಕಂಪನಿ ಇರಲಿಲ್ಲ.

ಹಾಗಾದರೆ ಎಡವಿದ್ದು ಎಲ್ಲಿ?

ಮೊದಲನೆಯದು ವಿಮಾನ. ಅದನ್ನು ಡೇಜೆಟ್ ಮಾಡುತ್ತಿರಲಿಲ್ಲ, ಕೊಳ್ಳುತ್ತಿತ್ತು. ಎಕ್ಲಿಪ್ಸ್‌ಗೆಂದು ವಿಲಿಯಮ್ಸ್ ಕಂಪನಿ ಮಾಡಿದ ಪುಟ್ಟ ಎಂಜಿನ್ 2002ರ ಮೊದಲ ಹಾರಾಟದಲ್ಲೇ ನಿರೀಕ್ಷೆ ಮುಟ್ಟಲಿಲ್ಲ. ಅದನ್ನು ಕೈಬಿಟ್ಟು ಪ್ರಾಟ್ ಅಂಡ್ ವಿಟ್ನಿ ಕೆನಡಾದ ಎಂಜಿನ್ ಹಾಕುವಷ್ಟರಲ್ಲಿ ವರ್ಷಗಳು ಉರುಳಿದವು. ಎಂಜಿನ್ ಬದಲಾದರೆ ವಿಮಾನವೇ ಬದಲಾದಂತೆ. ಪೂರ್ಣ ಅನುಮತಿ ಸಿಕ್ಕಿದ್ದು 2006ರ ಸೆಪ್ಟೆಂಬರ್‌ನಲ್ಲಿ. ಆಮೇಲೂ ಬಂದ ವಿಮಾನಗಳಲ್ಲಿ ಕೆಲವು ಉಪಕರಣಗಳು ಪೂರ್ತಿಯಾಗಿರಲಿಲ್ಲ, 'ಆಮೇಲೆ ಹಾಕಿಕೊಡುತ್ತೇವೆ' ಎಂಬ ಭರವಸೆ ಜೊತೆಗೆ ಬಂತು. 10 ಲಕ್ಷ ಡಾಲರಿನೊಳಗೆ ಎಂದದ್ದು 2008ಕ್ಕೆ 20 ಲಕ್ಷ ದಾಟಿತು.

ಎಕ್ಲಿಪ್ಸ್‌ಗೂ ಬೇರೆ ದಾರಿ ಇರಲಿಲ್ಲವೇನೋ. ವರ್ಷಕ್ಕೆ ನೂರಾರು ವಿಮಾನ ಮಾಡಿದರೆ ಮಾತ್ರ ಆ ಬೆಲೆ ಸಾಧ್ಯ. ನೂರಾರು ಕೊಳ್ಳುವವರು ಯಾರು? ಡೇಜೆಟ್! ಮುಂದೆ ಕೊಳ್ಳುವ ಆಯ್ಕೆಯೂ ಸೇರಿ ಅದು 1,400ರಷ್ಟು ವಿಮಾನಗಳಿಗೆ ಹೆಸರು ಬರೆಸಿತ್ತು. ಇವನ ಬದುಕು ಅವನ ಮೇಲೆ, ಅವನ ಬದುಕು ಇವನ ಮೇಲೆ. ಈಜು ಬಾರದ ಇಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕೆರೆಗೆ ಇಳಿದಂತೆ.

ಎರಡನೆಯದು ಆ 'ಮೂರು ಸೀಟು'. 180 ಸೀಟಿನ ಏರ್‌ಬಸ್‌ನಲ್ಲಿ ಒಂದು ಸೀಟು ಖಾಲಿ ಹೋದರೆ ಯಾರೂ ಗಮನಿಸುವುದಿಲ್ಲ. ಮೂರು ಸೀಟಿನ ಜೆಟ್‌ನಲ್ಲಿ ಒಂದು ಖಾಲಿಯೆಂದರೆ ಆದಾಯದ ಮೂರನೇ ಒಂದು ಭಾಗ ಹೋಯಿತು. ಒಬ್ಬನನ್ನು ಇಳಿಸಿ ಇನ್ನೊಬ್ಬನನ್ನು ಹತ್ತಿಸಿಕೊಳ್ಳಲು ಪಕ್ಕದ ಊರಿಗೆ ಖಾಲಿ ಹಾರಿದರೆ ಇಬ್ಬರು ಪೈಲಟ್‌ಗಳ ಸಂಬಳ, ಇಂಧನ ಎಲ್ಲ ಕೈಯಿಂದ. ಇದನ್ನು ತಪ್ಪಿಸಲೆಂದೇ ಅಷ್ಟು ಗಣಿತ. ಆದರೆ ಗಣಿತಕ್ಕೆ ಆಡಲು ಮೈದಾನ ಬೇಕು. ಐದು ಊರುಗಳ ನಡುವೆ ಹತ್ತು ಜೋಡಿ ದಾರಿ, ಹತ್ತು ಊರಾದರೆ ನಲವತ್ತೈದು, ಐವತ್ತಾದರೆ 1,225. ಊರು ಕಡಿಮೆಯಿದ್ದರೆ ಗಿರಾಕಿಗೆ ಉಪಯೋಗವಿಲ್ಲ, 'ನಾನು ಹೋಗಬೇಕಾದ ಕಡೆ ನೀವು ಹೋಗುವುದಿಲ್ಲ' ಎನ್ನುತ್ತಾನೆ. ಊರು ಹೆಚ್ಚಿಸಿದರೆ ಇರುವ ಕೆಲವೇ ವಿಮಾನಗಳು ಚದುರಿ, ಒಂದೇ ದಿಕ್ಕಿನ ಮೂವರು ಒಟ್ಟಿಗೆ ಸಿಗುವುದು ಅಪರೂಪ. ದಟ್ಟಣೆ ಇದ್ದರೆ ಮಾತ್ರ ಜೋಡಣೆ. ದೊಡ್ಡದಾದರೆ ಲಾಭ, ಸಣ್ಣದಾಗಿದ್ದಷ್ಟು ದಿನವೂ ನಷ್ಟ. ಅರ್ಧ ಸೇತುವೆ ಕಟ್ಟಿ, ಅರ್ಧ ಟೋಲ್ ವಸೂಲು ಮಾಡಲು ಬರುವುದಿಲ್ಲವಲ್ಲ.

ಡೇಜೆಟ್ ಬಳಿ ಕೊನೆಗೆ ಇದ್ದದ್ದು 28 ವಿಮಾನ. ಲಾಭದ ಗಾತ್ರ ಮುಟ್ಟಲು ಇನ್ನೂ ಸುಮಾರು 4 ಕೋಟಿ ಡಾಲರ್ ಬೇಕಿತ್ತು. 2008ರಲ್ಲಿ ಅಮೆರಿಕದ ಬ್ಯಾಂಕುಗಳು ತಮ್ಮ ತಲೆಯನ್ನೇ ಉಳಿಸಿಕೊಳ್ಳಲು ಒದ್ದಾಡುತ್ತಿದ್ದವು. ಮೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಉದ್ಯೋಗಿಗಳನ್ನು ಮನೆಗೆ ಕಳಿಸಿ, ವಿಮಾನಗಳಲ್ಲಿ ಬಹುಪಾಲನ್ನು ನಿಲ್ಲಿಸಿದರು. ಜೂನ್‌ನಲ್ಲಿ ಶಿಕಾಗೋದ ಮಿಡ್‌ವೇ ನಿಲ್ದಾಣದಲ್ಲಿ ಇಳಿಯುತ್ತಿದ್ದ ಬೇರೊಬ್ಬರ ಎಕ್ಲಿಪ್ಸ್ 500ರ ಎಂಜಿನ್‌ಗಳು ಪೂರ್ಣ ಶಕ್ತಿಯಲ್ಲೇ ಸಿಕ್ಕಿಕೊಂಡವು. ಪೈಲಟ್‌ಗಳ ಸಮಯಪ್ರಜ್ಞೆಯಿಂದ ಎಲ್ಲರೂ ಬದುಕಿದರು, ಆದರೆ ಎಲ್ಲ ಎಕ್ಲಿಪ್ಸ್‌ಗಳನ್ನೂ ತಪಾಸಣೆ ಮಾಡಿ ಎಂದು ಅಮೆರಿಕದ ವಿಮಾನಯಾನ ಆಡಳಿತ ತುರ್ತು ಆದೇಶ ಹೊರಡಿಸಿತು. ಸೆಪ್ಟೆಂಬರ್ 15, ಸೋಮವಾರ ಲೆಹ್ಮನ್ ಬ್ರದರ್ಸ್ ಬಿತ್ತು. ಅದೇ ವಾರದ ಶುಕ್ರವಾರ ಡೇಜೆಟ್ ನಿಂತಿತು. ನವೆಂಬರ್‌ನಲ್ಲಿ ಎಕ್ಲಿಪ್ಸ್ ಕೂಡ ದಿವಾಳಿ ಅರ್ಜಿ ಹಾಕಿತು.

ಇಂಟರ್‌ವ್ಯೂ ಟೇಬಲ್ಲಿನ ಈಚೆ ಕಡೆ

'ಆರ್ಥಿಕ ಕುಸಿತ ಬರದಿದ್ದರೆ ಗೆಲ್ಲುತ್ತಿತ್ತು' ಎಂದು ವಾದಿಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕುಸಿತ ಕೊನೆಯ ತಳ್ಳು ಅಷ್ಟೇ. ಮೇ ತಿಂಗಳಲ್ಲೇ ಕೈ ಖಾಲಿಯಾಗಿತ್ತು. ವಿಮಾನ ತಡವಾಗಿ ಬಂದ ಐದು ವರ್ಷಗಳಲ್ಲಿ ಕಂಪನಿ ಲೆಕ್ಕವನ್ನು ಇನ್ನಷ್ಟು ಚೊಕ್ಕ ಮಾಡುತ್ತ ಹೋಯಿತು. ಆದರೆ ತನ್ನ ಕೈಯಲ್ಲಿಲ್ಲದ ಸಂಗತಿಯನ್ನು ಎಷ್ಟು ಚೆನ್ನಾಗಿ ಲೆಕ್ಕ ಹಾಕಿದರೂ ಅದು ಕೈಗೆ ಬರುವುದಿಲ್ಲ.

ನನ್ನ ರೂಮ್‌ಮೇಟ್ ಗದಗಿನ ಹುಡುಗ. ಕಳೆದ ವರ್ಷ ಬೆಂಗಳೂರಿನ ಒಂದು ಡೆಲಿವರಿ ಸ್ಟಾರ್ಟಪ್ ಸೇರಿದ್ದ. ಅವರ ರೂಟಿಂಗ್ ಸಾಫ್ಟ್‌ವೇರ್ ನಿಜಕ್ಕೂ ಚೆನ್ನಾಗಿತ್ತು. ಅದರ ಬಗ್ಗೆ ಮಾತಾಡಲು ಶುರುಮಾಡಿದರೆ ಅವನು ಊಟ ಮರೆಯುತ್ತಿದ್ದ. ಆದರೆ ಇಡೀ ವ್ಯಾಪಾರ ಒಂದೇ ದೊಡ್ಡ ಗಿರಾಕಿಯ ಮೇಲೆ ನಿಂತಿತ್ತು. ಆ ಗಿರಾಕಿ ಬೇರೆ ಕಡೆ ಹೋಯಿತು, ಎಂಟನೇ ತಿಂಗಳಿಗೆ ಇವನಿಗೆ ಮೇಲ್ ಬಂತು. ಸಾಫ್ಟ್‌ವೇರ್ ಬರೆದವರದ್ದು ಏನೂ ತಪ್ಪಿರಲಿಲ್ಲ. ಮನೆಯಲ್ಲಿ ಅಪ್ಪನಿಗೆ ಹೇಳಲು ಅವನಿಗೆ ಮೂರು ವಾರ ಬೇಕಾಯಿತು. 'ಮಗ ಬುದ್ಧಿವಂತ, ಕಂಪನಿ ಮುಳುಗಿತು' ಎಂಬ ಮಾತು ಊರಲ್ಲಿ 'ಮಗನನ್ನ ತೆಗೆದು ಹಾಕಿದರಂತೆ' ಎಂದು ಕೇಳಿಸುತ್ತದೆ.

ಅವನಿಗೆ ಡೇಜೆಟ್ ಕಥೆ ಹೇಳಿದಾಗ ಕೇಳಿದ ಮೊದಲ ಪ್ರಶ್ನೆ ಪೈಲಟ್‌ಗಳ ಬಗ್ಗೆ. ಅವರಿಗೆ ಇದು ಕನಸಿನ ಕೆಲಸವೇ ಆಗಿತ್ತು, ಹೊಸ ಜೆಟ್ ಓಡಿಸಿ ರಾತ್ರಿ ಊಟಕ್ಕೆ ಮನೆ ಸೇರಬಹುದು. ವಿಮಾನಯಾನದಲ್ಲಿ ಹೊಸಬರಿಗೆ ಅಂಥ ಅನುಕೂಲ ಸಿಗುವುದು ಕಷ್ಟ. ಕೆಲಸ ಹೋದದ್ದು ಯಾವ ಕಂಪನಿಯೂ ಹೊಸಬರನ್ನು ತೆಗೆದುಕೊಳ್ಳದ ವರ್ಷದಲ್ಲಿ.

ಇಂಟರ್‌ವ್ಯೂ ಮುಗಿಯುವಾಗ 'ನಿಮ್ಮದೇನಾದರೂ ಪ್ರಶ್ನೆ ಇದೆಯೇ' ಎಂದು ಕೇಳುತ್ತಾರಲ್ಲ, ಆಗ ನಾವು ಸಾಮಾನ್ಯವಾಗಿ 'ಇಲ್ಲ ಸರ್' ಎಂದು ಎದ್ದು ಬರುತ್ತೇವೆ. ಈಗ ನಾನೂ ರೂಮ್‌ಮೇಟೂ ಎರಡು ಪ್ರಶ್ನೆ ಇಟ್ಟುಕೊಂಡಿದ್ದೇವೆ. ನಿಮ್ಮ ದೊಡ್ಡ ಗಿರಾಕಿ ಅಥವಾ ದೊಡ್ಡ ಪೂರೈಕೆದಾರ ನಾಳೆ ಕೈಕೊಟ್ಟರೆ ಏನು ಮಾಡುತ್ತೀರಿ? ಕಂಪನಿ ಈಗಿನ ಗಾತ್ರದಲ್ಲೇ ಉಳಿದರೆ ಎಷ್ಟು ದಿನ ನಡೆಯುತ್ತದೆ? ಒಬ್ಬ ಎಚ್‌ಆರ್ ಮೇಡಂ ನನ್ನ ಎರಡನೇ ಪ್ರಶ್ನೆಗೆ ನಕ್ಕು ಉತ್ತರಿಸಲಿಲ್ಲ. ಇನ್ನೊಂದು ಕಡೆ ಸ್ಥಾಪಕರೇ ಬಂದು ಇಪ್ಪತ್ತು ನಿಮಿಷ ಮಾತಾಡಿದರು. ಅಲ್ಲಿ ಸಂಬಳ ಕಡಿಮೆ, ಆದರೂ ಎರಡನೇ ಸುತ್ತಿಗೆ ಹೋಗುತ್ತಿದ್ದೇನೆ.

ನಮ್ಮ ಆಕಾಶದಲ್ಲಿ

ಸಣ್ಣ ಊರಿಗೆ ವಿಮಾನ ಎಂಬ ಕನಸು ನಮ್ಮಲ್ಲಿ ಬೇರೆ ದಾರಿ ಹಿಡಿಯಿತು. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಶುರುವಾದಾಗ ಅದರ ಮೊದಲ ಮಾರ್ಗಗಳಲ್ಲಿ ಹುಬ್ಬಳ್ಳಿ–ಬೆಂಗಳೂರು ಇತ್ತು. ಪುಟ್ಟ ಜೆಟ್ ಅಲ್ಲ, ರೆಕ್ಕೆಯಲ್ಲಿ ಪಂಕ ತಿರುಗುವ ಎಟಿಆರ್. ಆಮೇಲೆ 'ಉಡಾನ್' ಯೋಜನೆ ಬಂತು. ನಿಗದಿತ ಸೀಟುಗಳನ್ನು ಅಗ್ಗದ ದರದಲ್ಲಿ ಮಾರಿ, ಆಗುವ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುವುದು ಅದರ ತಿರುಳು. ಡೇಜೆಟ್ ಖಾಲಿ ಸೀಟನ್ನು ಗಣಿತದಿಂದ ತುಂಬಲು ಹೋಯಿತು, ಉಡಾನ್ ಖಜಾನೆಯಿಂದ ತುಂಬುತ್ತದೆ. ವಿದ್ಯಾನಗರ, ಬೀದರ್, ಕಲಬುರಗಿಗೆ ವಿಮಾನ ಬಂದದ್ದು ಹೀಗೆ. ಆದರೆ ಬೀದರ್, ವಿದ್ಯಾನಗರಕ್ಕೆ ಹಾರುತ್ತಿದ್ದ ಟ್ರೂಜೆಟ್ 2022ರಲ್ಲಿ ನಿಂತಿತು.

ಈಗ ಏರ್ ಟ್ಯಾಕ್ಸಿ ಎಂಬ ಪದ ಮತ್ತೆ ಕೇಳಿಬರುತ್ತಿದೆ. ಈ ಸಲ ಬ್ಯಾಟರಿಯಲ್ಲಿ ಓಡುವ, ನೇರವಾಗಿ ಮೇಲೇಳುವ ಯಂತ್ರಗಳು. ಬೆಂಗಳೂರಿನ ಸರಳಾ ಏವಿಯೇಷನ್ 2025ರ ಜನವರಿಯಲ್ಲಿ ದೆಹಲಿಯ ವಾಹನ ಮೇಳದಲ್ಲಿ ತನ್ನ 'ಶೂನ್ಯ'ದ ಮಾದರಿ ತೋರಿಸಿತು. ಅದಕ್ಕೆ ಕೆಲವೇ ವಾರ ಮೊದಲು, 2024ರ ಕೊನೆಯಲ್ಲಿ, ಜರ್ಮನಿಯ ಲಿಲಿಯಂ ಮತ್ತು ವೊಲೊಕಾಪ್ಟರ್ ಎರಡೂ ದಿವಾಳಿ ಅರ್ಜಿ ಹಾಕಿದ್ದವು. ನಮ್ಮ ಬ್ಯಾಚಿನ ಏರೋನಾಟಿಕಲ್ ಗೆಳೆಯರು ಇಂಥ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದಾರೆ. ಹಾಕಲೇಬೇಕು. ಇಂಥ ಕೆಲಸದಲ್ಲಿ ಕಲಿಯುವುದು ಬೇರೆಡೆ ಸಿಗದು. ಹೋಗುವ ಮುಂಚೆ ಬ್ಯಾಟರಿ ಯಾರದು, ಪ್ರಮಾಣಪತ್ರ ಯಾವಾಗ, ದುಡ್ಡು ಎಷ್ಟು ತಿಂಗಳಿಗೆ ಇದೆ ಎಂದು ಕೇಳಿಕೊಂಡು ಹೋಗಲಿ ಎಂಬುದಷ್ಟೇ ನನ್ನ ಆಸೆ.

ಡೇಜೆಟ್ ನಂತರ ಯಾಕೋಬುಚ್ಚಿ ಸುಮ್ಮನೆ ಕೂರಲಿಲ್ಲ. ಬೋಕಾ ರೇಟನ್‌ನಲ್ಲೇ ವರ್ಚುವಲ್‌ವರ್ಕ್ಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕಂಪನಿ ತೆರೆದರು. 2013ರಲ್ಲಿ, ಅರವತ್ತು ತುಂಬುವ ಮೊದಲೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಎಕ್ಲಿಪ್ಸ್ 500 ವಿಮಾನಗಳು ಒಟ್ಟು 260ರಷ್ಟು ತಯಾರಾಗಿದ್ದವು. ಬೇರೆ ಕಂಪನಿಗಳು ಅವುಗಳ ದುರಸ್ತಿಯ ಹೊಣೆ ಹೊತ್ತವು, ಬಾಕಿ ಉಳಿದಿದ್ದ ಉಪಕರಣಗಳೂ ಬಂದವು. ಹಲವು ಇಂದಿಗೂ ಹಾರುತ್ತಿವೆ, ಹೆಚ್ಚಿನವು ಖಾಸಗಿ ಮಾಲೀಕರ ಕೈಯಲ್ಲಿ.